ಸೆಲ್ಯೂಟ್ ಹೊಡೆದ ಕೈಗೆ ಕಡತ

ಹೋದ ವಾರ ರಾತ್ರಿ ಊಟ ಮುಗಿಸಿ ಜಗಲಿ ಮೇಲೆ ಕೂತಿದ್ದೆ. ಅಕ್ಕನ ಮಗನಿಂದ ವಾಟ್ಸಾಪ್ ಬಂತು. ಶ್ರೀರಂಗಪಟ್ಟಣ ತಾಲ್ಲೂಕಿನ ಹುಡುಗ. ಅಗ್ನಿವೀರರ ಮೊದಲ ತಂಡದಲ್ಲಿ, 2023ರ ಆರಂಭದಲ್ಲಿ ತರಬೇತಿಗೆ ಹೋದವನು.

"ಮಾವ, ನಾಲ್ಕು ವರ್ಷ ಮುಗೀತಾ ಬಂತು. ಉಳಿಸ್ಕೊಂಡ್ರೆ ಸರಿ. ಇಲ್ಲಾಂದ್ರೆ ನಿಮ್ ಥರಾನೇ ಗವರ್ನಮೆಂಟ್ ಕೆಲ್ಸಕ್ಕೆ ಟ್ರೈ ಮಾಡ್ತೀನಿ. ಆರ್ಮಿಲಿ ಇದ್ದೋರಿಗೆ ಆಫೀಸ್ ಕೆಲ್ಸ ಈಸಿ ಅಲ್ವಾ?"

"ಹೂಂ ಕಣಪ್ಪಾ" ಅಂತ ಟೈಪ್ ಮಾಡಿದೆ. ಅಳಿಸಿದೆ. "ಇಲ್ಲ" ಅಂತ ಟೈಪ್ ಮಾಡಿದೆ. ಅದನ್ನೂ ಅಳಿಸಿದೆ. ಹದಿನೇಳು ವರ್ಷ ಸೈನ್ಯದಲ್ಲಿದ್ದು, ಆಮೇಲೆ ಕಂದಾಯ ಇಲಾಖೆಗೆ ಬಂದವನು ನಾನು. ಈ ಪ್ರಶ್ನೆಗೆ ಒಂದೇ ಸಾಲಲ್ಲಿ ಉತ್ತರ ಇರಬೇಕಿತ್ತು. ಇರಲಿಲ್ಲ. ಅವನಿಗೆ ಕಳಿಸೋ ಉತ್ತರವನ್ನೇ ಈ ಸಲದ ಅಂಕಣ ಮಾಡ್ತಿದ್ದೀನಿ. ಕೆಲಸ ಬದಲಾಯಿಸೋ ಯೋಚನೆಯಲ್ಲಿರೋ ನಿಮಗೂ ಇದರಲ್ಲಿ ಏನಾದರೂ ಸಿಗಬಹುದು.

ನಾಲ್ಕು ತಾಲ್ಲೂಕು, ಒಂದು ಕಚೇರಿ

ಮಂಡ್ಯ ಜಿಲ್ಲೆಯಲ್ಲಿ ಎರಡು ಉಪವಿಭಾಗ. ಮಂಡ್ಯ, ಮದ್ದೂರು, ಮಳವಳ್ಳಿ ಒಂದು ಕಡೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಇನ್ನೊಂದು ಕಡೆ. ಈ ನಾಲ್ಕಕ್ಕೂ ಉಪವಿಭಾಗಾಧಿಕಾರಿ, ಅಂದರೆ ಎಲ್ಲರ ಬಾಯಲ್ಲಿ 'ಎಸಿ ಸಾಹೇಬರು', ಕೂರೋದು ಪಾಂಡವಪುರದಲ್ಲಿ. ನಾನು ಹುಟ್ಟಿದ್ದು ನಾಗಮಂಗಲ ತಾಲ್ಲೂಕು, ಕೆಲಸ ಕೆ.ಆರ್.ಪೇಟೆ ತಾಲ್ಲೂಕು, ಅಕ್ಕನ್ನ ಕೊಟ್ಟಿರೋದು ಶ್ರೀರಂಗಪಟ್ಟಣದ ಕಡೆಗೆ, ಮೀಟಿಂಗ್ ಅಂದ್ರೆ ಪಾಂಡವಪುರ. ನನ್ನ ಪ್ರಪಂಚ ಹೆಚ್ಚುಕಮ್ಮಿ ಇಷ್ಟೇ.

ಈ ನಾಲ್ಕೂ ಒಂದೇ ಥರ ಅಂದುಕೋಬೇಡಿ. ಶ್ರೀರಂಗಪಟ್ಟಣ, ಪಾಂಡವಪುರದಲ್ಲಿ ನಾಲೆ ನೀರು, ಗದ್ದೆ, ಕಬ್ಬು. ನಮ್ಮ ನಾಗಮಂಗಲದ ಕಡೆ ಬಹುಪಾಲು ಮಳೆ ನಂಬಿದ ಹೊಲ, ರಾಗಿ, ಹುರುಳಿ. ನೀರಿಲ್ಲದ ಕಡೆ ಹುಡುಗರು ಊರು ಬಿಡ್ತಾರೆ. ಕೆಲವರು ಬೆಂಗಳೂರು, ಕೆಲವರು ಮುಂಬೈ ಹೋಟೆಲ್ಲು, ನನ್ನಂಥ ಕೆಲವರು ಮಿಲ್ಟ್ರಿ. 2001ರಲ್ಲಿ ಪಿಯುಸಿ ಮುಗಿಸಿ ನಾನು ಹೋಗಿದ್ದು ದೇಶಭಕ್ತಿಯಿಂದ ಅಂತ ಹೇಳಿದ್ರೆ ಚಪ್ಪಾಳೆ ಬೀಳುತ್ತೆ. ನಿಜ ಏನಪ್ಪಾ ಅಂದ್ರೆ, ಆ ವರ್ಷ ಬೋರ್‌ವೆಲ್ ಬತ್ತಿತ್ತು.

ದೇಶಭಕ್ತಿ ಬಂದದ್ದು ಆಮೇಲೆ. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ತರಬೇತಿ. ಸೈನ್ಯದಲ್ಲಿ ನಮ್ಮನ್ನ 'ತಂಬಿ' ಅಂತಾರೆ. ಸೇತುವೆ ಕಟ್ಟೋದು, ದಾರಿ ಮಾಡೋದು, ಮೈನ್ ತೆಗೆಯೋದು ನಮ್ಮ ಕೆಲಸ. 2018ರಲ್ಲಿ ಹವಾಲ್ದಾರ್ ಆಗಿ ನಿವೃತ್ತಿ. ಮೂವತ್ತಾರು ವರ್ಷಕ್ಕೆ 'ರಿಟೈರ್ಡ್' ಅನ್ನಿಸಿಕೊಂಡ ಮನುಷ್ಯನನ್ನ ಊರು ವಿಚಿತ್ರವಾಗಿ ನೋಡುತ್ತೆ. ಪಿಂಚಣಿ ಬರುತ್ತೆ, ಮೈಯಲ್ಲಿ ಶಕ್ತಿ ಇದೆ, ಬೆಳಗ್ಗೆ ಎದ್ದರೆ ಹೋಗೋಕೆ ಜಾಗ ಇಲ್ಲ.

ಮೊದಲು ಲೆಕ್ಕ ತಿಳ್ಕೊಳ್ಳಿ

ಕರ್ನಾಟಕ ಸರ್ಕಾರದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ. 10 ಮೀಸಲು. ಇದು ಸಮತಲ ಮೀಸಲಾತಿ. ಅಂದರೆ ನೀವು ಯಾವ ಪ್ರವರ್ಗದವರೋ ಅದರ ಒಳಗೇ ನಿಮ್ಮ ಸ್ಪರ್ಧೆ. ವಯಸ್ಸಿನ ವಿಷಯದಲ್ಲಿ, ಎಷ್ಟು ವರ್ಷ ಸೇವೆ ಮಾಡಿದ್ದೀರೋ ಅಷ್ಟು, ಜೊತೆಗೆ ಇನ್ನು ಮೂರು ವರ್ಷ ಸಡಿಲಿಕೆ. ಕೇಂದ್ರ ಸರ್ಕಾರದ ಗ್ರೂಪ್ 'ಸಿ' ಹುದ್ದೆಗಳಲ್ಲೂ ಶೇ. 10. ಎಸ್‌ಎಸ್‌ಎಲ್‌ಸಿ ಓದಿ 15 ವರ್ಷ ಸೇವೆ ಮಾಡಿದವರಿಗೆ ಸೈನ್ಯ ಒಂದು ಪದವಿ-ಸಮಾನ ಪ್ರಮಾಣಪತ್ರ ಕೊಡುತ್ತೆ. ಕೇಂದ್ರದ ಗ್ರೂಪ್ 'ಸಿ' ಹುದ್ದೆಗಳಿಗೆ ಪದವಿ ಕೇಳಿದಾಗ ಅದು ಉಪಯೋಗಕ್ಕೆ ಬರುತ್ತೆ. ಆದರೆ ಎಲ್ಲಾ ಹುದ್ದೆಗೂ ಅದು ನಡೆಯುತ್ತೆ ಅಂತ ನಂಬಿ ಕೂರಬೇಡಿ. ಅಧಿಸೂಚನೆಯಲ್ಲಿ ವಿದ್ಯಾರ್ಹತೆಯ ಸಾಲನ್ನ ಎರಡು ಸಲ ಓದಿ. ನನ್ನ ಜೊತೆಗಾರನೊಬ್ಬ ಓದದೆ ಅರ್ಜಿ ಹಾಕಿ, ದಾಖಲಾತಿ ಪರಿಶೀಲನೆ ದಿನ ವಾಪಸ್ ಬಂದ.

ಈ 'ಮಾಜಿ ಸೈನಿಕ' ಅನ್ನೋ ಪದಕ್ಕೂ ಒಂದು ಬೇಲಿ ಇದೆ. ಭೂಸೇನೆ, ನೌಕಾಸೇನೆ, ವಾಯುಸೇನೆ ಇದರೊಳಗೆ. ಸಿಆರ್‌ಪಿಎಫ್, ಬಿಎಸ್‌ಎಫ್ ಹೊರಗೆ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಪ್ರಾಣ ಕೊಟ್ಟ 40 ಜನರಲ್ಲಿ ನಮ್ಮ ಜಿಲ್ಲೆಯ, ಮದ್ದೂರು ತಾಲ್ಲೂಕು ಗುಡಿಗೆರೆಯ ಎಚ್. ಗುರು ಒಬ್ಬರು. ಅವರು ಸಿಆರ್‌ಪಿಎಫ್. ಊರಿನ ಕಣ್ಣಲ್ಲಿ ಅವರೂ ನಾನೂ ಒಂದೇ, ಯೋಧರು. ಆದರೆ ಅದೇ ಪಡೆಯಲ್ಲಿ ಇಪ್ಪತ್ತು ವರ್ಷ ದುಡಿದು ಬದುಕಿ ಬಂದವನಿಗೆ ನನಗಿರೋ ಮೀಸಲಾತಿ ಇಲ್ಲ. ಇದು ಸರಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಅಗ್ನಿವೀರರ ಕಥೆಯೂ ಹಾಗೇ. 2022ರ ಜೂನ್‌ನಲ್ಲಿ ಯೋಜನೆ ಘೋಷಣೆ ಆದಾಗ ಹೇಳಿದ್ದು ನಾಲ್ಕು ವರ್ಷ ಸೇವೆ, ಶೇ. 25ರವರೆಗೆ ಮುಂದುವರಿಕೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ. ಪಿಂಚಣಿ ಇಲ್ಲ, ಮಾಜಿ ಸೈನಿಕ ಸ್ಥಾನಮಾನವೂ ಇಲ್ಲ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮೀಸಲಾತಿ ಇದೆ. ಅಂದರೆ ನನ್ನ ಅಳಿಯ 'ನಿಮ್ ಥರಾನೇ' ಅಂದಾಗ ಒಂದು ಮಾತು ಅವನಿಗೆ ಗೊತ್ತಿರಲಿಲ್ಲ. ನಾನು ಬಂದ ಬಾಗಿಲು ಅವನಿಗೆ ಹಾಗೇ ತೆರೆದಿಲ್ಲ. ಬೇರೆ ಎಲ್ಲಾ ಹುಡುಗರ ಜೊತೆ ಅದೇ ಪರೀಕ್ಷೆ ಬರೆದು ಬರಬೇಕಾಗಬಹುದು. ಇದನ್ನ ಸಿಹಿ ಮಾಡಿ ಹೇಳೋಕೆ ನನಗೆ ಬರಲ್ಲ.

ಬಾಗಿಲು ಯಾವುದೇ ಇರಲಿ, ಒಳಗೆ ಬಂದಮೇಲೆ ಸೈನ್ಯ ಎಷ್ಟು ಕೈ ಹಿಡಿಯುತ್ತೆ ಅನ್ನೋದು ಬೇರೆ ಮಾತು.

ಟ್ರಂಕಿನಲ್ಲಿ ತಂದದ್ದು

ನಾನು ಸೇರಿದಾಗ ನಮ್ಮ ಹುದ್ದೆಗೆ ಗ್ರಾಮಲೆಕ್ಕಿಗ ಅಂತ ಹೆಸರು. ಪಿಯುಸಿ ಅಂಕ ನೋಡಿ ಜಿಲ್ಲಾ ಮಟ್ಟದಲ್ಲಿ ಆಯ್ಕೆ ಮಾಡ್ತಿದ್ದ ಕಾಲ. ಈಗ ಹೆಸರು ಗ್ರಾಮ ಆಡಳಿತಾಧಿಕಾರಿ, ಆಯ್ಕೆಗೆ ಪರೀಕ್ಷೆ. ಕೆಲಸ ಮಾತ್ರ ಅದೇ. ಪಹಣಿ, ಪೌತಿ ಖಾತೆ, ಬೆಳೆ ಸಮೀಕ್ಷೆ, ವೃದ್ಧಾಪ್ಯ ವೇತನ, ವಿಧವಾ ವೇತನ, ಚುನಾವಣೆ, ಮಳೆಗೆ ಗೋಡೆ ಬಿದ್ದರೆ ಪಂಚನಾಮೆ. ಸರ್ಕಾರ ಅನ್ನೋದು ಹಳ್ಳಿಗೆ ಕಾಲಲ್ಲಿ ನಡ್ಕೊಂಡು ಬರೋದಾದರೆ ಅದು ನಮ್ಮ ಕಾಲೇ.

ಸೈನ್ಯದಲ್ಲಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವಾಗ 'ಹ್ಯಾಂಡಿಂಗ್ ಟೇಕಿಂಗ್' ಅಂತ ಇದೆ. ಸ್ಟೋರಿನಲ್ಲಿ ಎಷ್ಟು ಗುದ್ದಲಿ, ಎಷ್ಟು ಹಗ್ಗ, ಎಷ್ಟು ಮುರಿದಿದೆ ಎಲ್ಲಾ ಎಣಿಸಿ, ಇಬ್ಬರೂ ಸಹಿ ಹಾಕಬೇಕು. ಎಣಿಸದೆ ಸಹಿ ಹಾಕಿದರೆ ಕಮ್ಮಿ ಬಿದ್ದದ್ದು ನಮ್ಮ ತಲೆ ಮೇಲೆ. ಹೊಸ ವೃತ್ತಕ್ಕೆ ಚಾರ್ಜ್ ತಗೊಂಡ ದಿನ ನಾನು ಅದನ್ನೇ ಮಾಡಿದೆ. ಒಂದೊಂದು ರಿಜಿಸ್ಟರ್, ಒಂದೊಂದು ರಸೀದಿ ಪುಸ್ತಕ ತೆಗೆದು ಪುಟ ಎಣಿಸಿದೆ. ಮೂರು ದಿನ ಹಿಡೀತು. ಪಕ್ಕದ ಟೇಬಲ್‌ನವರು ನಕ್ಕರು. ಎರಡು ವರ್ಷದ ನಂತರ ಒಂದು ಹಳೇ ದಾಖಲೆ ಎಲ್ಲಿ ಅಂತ ಪ್ರಶ್ನೆ ಬಂದಾಗ, ನಾನು ಚಾರ್ಜ್ ತಗೊಂಡಾಗಲೇ ಅದು ಇರಲಿಲ್ಲ ಅಂತ ಆ ಪಟ್ಟಿ ಹೇಳಿತು. ಅವತ್ತಿಂದ ನಗು ನಿಂತಿತು.

ಎರಡನೇದು ನಕ್ಷೆ. ಸೈನ್ಯದ ನಕ್ಷೆಯಲ್ಲಿ ಗ್ರಿಡ್ ಗೆರೆ, ಎತ್ತರದ ಗೆರೆ. ಹಳ್ಳಿ ನಕ್ಷೆಯಲ್ಲಿ ಸರ್ವೆ ನಂಬರು, ಬಾಂದುಕಲ್ಲು, ಖರಾಬು, ಬಂಡಿದಾರಿ. ಭಾಷೆ ಬೇರೆ, ಓದೋ ಕಣ್ಣು ಒಂದೇ. 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಅಳತೆ ಮಾಡೋದು ಭೂಮಾಪಕರ ಕೆಲಸ, ನಮ್ಮದಲ್ಲ. ಆದರೆ ನಕ್ಷೆ ಹಿಡಿದು ಹೊಲದಲ್ಲಿ ನಿಂತು 'ನಾವಿರೋದು ಇಲ್ಲಿ' ಅಂತ ತೋರಿಸಬಲ್ಲ ಮನುಷ್ಯನ ಮುಂದೆ ಅಣ್ಣತಮ್ಮಂದಿರ ಅರ್ಧ ಜಗಳ ತಣ್ಣಗಾಗುತ್ತೆ. ಈಗ ಮೊಬೈಲಲ್ಲಿ ದಿಶಾಂಕ್ ಆ್ಯಪ್ ಇದೆ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ. ಆದರೂ ಕಲ್ಲು ಎಲ್ಲಿದೆ ಅಂತ ಬೇಲಿಯೊಳಗೆ ನುಗ್ಗಿ ನೋಡಬೇಕಾದದ್ದು ಕಾಲೇ.

ಮೂರನೇದು, ಯಾವ ಕೆಲಸವೂ ಕೀಳಲ್ಲ ಅನ್ನೋದು. ಚುನಾವಣೆ ಹಿಂದಿನ ರಾತ್ರಿ ಮತಗಟ್ಟೆಯಲ್ಲಿ ಕಸ ಇದ್ದರೆ 'ಡಿ ಗ್ರೂಪ್ ನೌಕರ ಎಲ್ಲಿ' ಅಂತ ಕಾಯೋ ಅಭ್ಯಾಸ ನನಗಿಲ್ಲ. ಪೊರಕೆ ಎಲ್ಲಿದೆ ಅಂತ ಕೇಳ್ತೀನಿ.

ಇಷ್ಟನ್ನ ಕೇಳಿದರೆ ನನ್ನ ಅಳಿಯ "ನೋಡಿ, ಈಸಿನೇ" ಅಂತಾನೆ. ಇರಪ್ಪಾ, ಮುಗಿದಿಲ್ಲ.

ಮರೆತು ಬಂದ ಕನ್ನಡ

ಹದಿನೇಳು ವರ್ಷ ಬ್ಯಾರಕ್ಕಿನಲ್ಲಿ ಹಿಂದಿ. ರಜಾ ಅರ್ಜಿ ಇಂಗ್ಲಿಷು ಇಲ್ಲವೇ ಹಿಂದಿ. ಊರಿಗೆ ಬಂದಾಗ ಆಡೋ ಕನ್ನಡ ಇತ್ತು, ಬರೆಯೋ ಕನ್ನಡ ತುಕ್ಕು ಹಿಡಿದಿತ್ತು. ಮೊದಲ ಮಳೆಗಾಲದಲ್ಲಿ ಒಂದು ಮನೆ ಮೇಲೆ ತೆಂಗಿನಮರ ಬಿತ್ತು. ವರದಿ ಬರೆದುಕೊಟ್ಟೆ: 'ಬೆಳಗ್ಗೆ 06:10. ಮರ ಒಂದು. ಮನೆ ಒಂದು. ಪ್ರಾಣಹಾನಿ ಇಲ್ಲ. ಪರಿಸ್ಥಿತಿ ನಿಯಂತ್ರಣದಲ್ಲಿದೆ.' ನಮ್ಮ ರೆವಿನ್ಯೂ ಇನ್‌ಸ್ಪೆಕ್ಟರ್ ಓದಿ, ಕನ್ನಡಕ ತೆಗೆದು, "ಯಾರಪ್ಪಾ ನಿಯಂತ್ರಣ ಮಾಡಿದ್ದು, ಮರಾನ?" ಅಂದರು. ಆಮೇಲೆ ಪಕ್ಕ ಕೂರಿಸಿಕೊಂಡು ಹೇಳಿಕೊಟ್ಟರು. ಮನೆ ಯಾರದು, ಗೋಡೆ ಎಷ್ಟು ಭಾಗ ಬಿದ್ದಿದೆ, ಮನೆಯೊಳಗೆ ಎಷ್ಟು ಜನ, ಈಗ ಎಲ್ಲಿ ಮಲಗ್ತಾ ಇದ್ದಾರೆ, ಪರಿಹಾರಕ್ಕೆ ಯಾವ ದಾಖಲೆ ಇದೆ, ಎಲ್ಲಾ ಬರೀಬೇಕು. ಇಲ್ಲಾಂದ್ರೆ ಆ ಬಡವನಿಗೆ ದುಡ್ಡು ಬರಲ್ಲ.

ಅವತ್ತು ಗೊತ್ತಾಯ್ತು. ಸೈನ್ಯದಲ್ಲಿ ಚಿಕ್ಕದಾಗಿ ಬರೆದರೆ ಜೀವ ಉಳಿಯುತ್ತೆ. ಇಲ್ಲಿ ಚಿಕ್ಕದಾಗಿ ಬರೆದರೆ ಒಬ್ಬರ ಮನೆ ಹೋಗುತ್ತೆ.

ಭಾಷೆ ಇಷ್ಟು ಮುಖ್ಯ ಅನ್ನೋದಕ್ಕೆ ನಮ್ಮ ಶ್ರೀರಂಗಪಟ್ಟಣದ ಹೆಸರೇ ಸಾಕ್ಷಿ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಬಾರಾಮಹಲ್ ಸೀಮೆಯನ್ನ, ಅಂದರೆ ಇವತ್ತಿನ ಕೃಷ್ಣಗಿರಿ, ಧರ್ಮಪುರಿ ಕಡೆಯ ನಾಡನ್ನ, ಕಂಪನಿಗೆ ಬಿಟ್ಟುಕೊಡಬೇಕಾಯ್ತು. ಅಲ್ಲಿ ಕಂದಾಯ ಆಡಳಿತಕ್ಕೆ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ನೇಮಿಸಿದ್ದು ಸಿವಿಲ್ ಅಧಿಕಾರಿಗಳನ್ನಲ್ಲ, ಸೈನ್ಯದ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್‌ನನ್ನ, ಅವನ ಕೈಕೆಳಗೆ ಇನ್ನು ಕೆಲವು ಸೈನಿಕರನ್ನ. ಕಾರಣ, ಮದ್ರಾಸಿನ ಸಿವಿಲ್ ನೌಕರರಿಗೆ ಇಲ್ಲಿನ ಭಾಷೆ ಬರ್ತಿರಲಿಲ್ಲ. ಆ ಸೈನಿಕರಲ್ಲಿ ಒಬ್ಬ ಥಾಮಸ್ ಮನ್ರೋ. ಹೈದರನ ವಿರುದ್ಧದ ಯುದ್ಧದಲ್ಲಿ ಕಾದಾಡಿದವನು, ಊರೂರು ಸುತ್ತಿ ರೈತರ ಜೊತೆ ಅವರ ಮಾತಲ್ಲೇ ಮಾತಾಡಿ ಕಂದಾಯದ ಕೆಲಸ ಕಲಿತ. 1799ರಲ್ಲಿ ಟಿಪ್ಪು ಮಡಿದ ಮೇಲೆ ಇದೇ ಶ್ರೀರಂಗಪಟ್ಟಣದಲ್ಲಿ ಮೈಸೂರಿನ ವ್ಯವಸ್ಥೆಗೆ ಕೂತ ಆಯೋಗದ ಕಾರ್ಯದರ್ಶಿಗಳಲ್ಲಿ ಅವನೂ ಒಬ್ಬ. ಕಡೆಗೆ 1820ರಲ್ಲಿ ಮದ್ರಾಸಿನ ಗವರ್ನರ್ ಆದ. ರೈತವಾರಿ ಪದ್ಧತಿ ಜೊತೆ ಅವನ ಹೆಸರು ಅಂಟಿಕೊಂಡಿದೆ.

ಅವನನ್ನ ಹೊಗಳೋಕೆ ಇದನ್ನ ಹೇಳಲಿಲ್ಲ. ಅವನು ಬಂದದ್ದು ಕಂಪನಿಯ ಖಜಾನೆ ತುಂಬಿಸೋಕೆ. ಆದರೆ ಸೈನಿಕ ಸಿವಿಲ್ ಕೆಲಸಕ್ಕೆ ಆಗಿಬಂದದ್ದು ಕತ್ತಿಯಿಂದಲ್ಲ, ಮಾತಿನಿಂದ ಅನ್ನೋದು ಗಮನಿಸಿ. ಪಾಂಡವಪುರಕ್ಕೆ ಹಳೇ ಹೆಸರು ಹಿರೋಡೆ. ಹೈದರ್, ಟಿಪ್ಪು ಕೈಕೆಳಗಿದ್ದ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದರಿಂದ ಅದಕ್ಕೆ 'ಫ್ರೆಂಚ್ ರಾಕ್ಸ್' ಅಂತ ಹೆಸರು ಬಿತ್ತು. ಬೀಡು ಬಿಟ್ಟ ಸೈನ್ಯ ಕಲ್ಲುಬಂಡೆಗೆ ಹೆಸರು ಬಿಟ್ಟು ಹೋಯ್ತು. ಭಾಷೆ ಕಲಿತ ಸೈನಿಕ ಆಡಳಿತದ ಪದ್ಧತಿಯನ್ನೇ ಬಿಟ್ಟು ಹೋದ.

2020ರ ಮೇ ತಿಂಗಳು

ಇಷ್ಟು ದಿನ ಈ ಅಂಕಣದಲ್ಲಿ ಬರೆಯದೇ ಇದ್ದ ಒಂದು ವಿಷಯ ಇದೆ. ಅಳಿಯನಿಗೆ ಹೇಳದೆ ಉತ್ತರ ಪೂರ್ತಿ ಆಗಲ್ಲ.

ಕೊರೊನಾ ಲಾಕ್‌ಡೌನ್ ನೆನಪಿರಬೇಕು. ನಮ್ಮ ಕೆ.ಆರ್.ಪೇಟೆ, ನಾಗಮಂಗಲ, ಪಾಂಡವಪುರ ಕಡೆಯ ಎಷ್ಟೋ ಜನ ಮುಂಬೈನಲ್ಲಿ ಹೋಟೆಲ್ ಕೆಲಸ, ಆಟೊ, ಸಣ್ಣಪುಟ್ಟ ವ್ಯಾಪಾರ ಮಾಡ್ತಾ ಇದ್ದೋರು. ಅಲ್ಲಿ ಕೆಲಸ ನಿಂತಿತು, ಕಾಯಿಲೆ ಹೆಚ್ಚಾಯ್ತು. ಮೇ ತಿಂಗಳಲ್ಲಿ ಊರಿಗೆ ಹೊರಟರು. ಆ ತಿಂಗಳು ಮಂಡ್ಯ ಜಿಲ್ಲೆಯ ಪಾಸಿಟಿವ್ ಪಟ್ಟಿಯಲ್ಲಿ ಹೆಚ್ಚಿನವರು ಮುಂಬೈನಿಂದ ಬಂದವರೇ, ಅದರಲ್ಲೂ ಕೆ.ಆರ್.ಪೇಟೆಯವರು ಬಹಳ. ಬಂದವರನ್ನ ನೇರ ಮನೆಗೆ ಬಿಡ್ತಿರಲಿಲ್ಲ. ಹಾಸ್ಟೆಲ್ಲು, ಶಾಲೆಗಳಲ್ಲಿ ಕ್ವಾರಂಟೈನ್.

ಒಂದು ಹಾಸ್ಟೆಲ್ ನನ್ನ ಪಾಲಿಗೆ ಬಂತು. ಅರವತ್ತಕ್ಕೂ ಹೆಚ್ಚು ಜನ. ಹೆಂಗಸರು, ಮಕ್ಕಳು, ಒಬ್ಬಳು ಬಸುರಿ. ನನಗೆ ನಿಜಕ್ಕೂ ಹುಮ್ಮಸ್ಸು ಬಂತು. ಇದು ನನಗೆ ಗೊತ್ತಿರೋ ಕೆಲಸ. ಕ್ಯಾಂಪ್ ನಡೆಸೋದು! ಒಂದೇ ದಿನದಲ್ಲಿ ರೂಮಿಗೆ ನಂಬರ್, ಬಕೆಟ್‌ಗೆ ನಂಬರ್. ಬೆಳಗ್ಗೆ ಆರಕ್ಕೆ ಎಣಿಕೆ, ಏಳಕ್ಕೆ ಟೀ, ಒಂಬತ್ತಕ್ಕೆ ತಿಂಡಿ. ಶೌಚಾಲಯ ತೊಳೆಯೋಕೆ ಪಾಳಿ ಪಟ್ಟಿ, ಅದರಲ್ಲಿ ಮೊದಲ ಹೆಸರು ನನ್ನದೇ. ನೋಡಲು ಬಂದ ಮೇಲಿನವರು "ಮಿಲ್ಟ್ರಿ ಕೈ ಅಂದ್ರೆ ಇದು" ಅಂದರು. ಎದೆ ಉಬ್ಬಿತು.

ನಾಲ್ಕನೇ ದಿನ ಸಂಜೆ ಐವತ್ತರ ಆಸುಪಾಸಿನ ಒಬ್ಬರು ಗೇಟಿನ ಹತ್ತಿರ ಬಂದು ನಿಂತರು. ಮುಂಬೈ ಹೋಟೆಲಲ್ಲಿ ಇಪ್ಪತ್ತೈದು ವರ್ಷ ಪಾತ್ರೆ ತೊಳೆದು, ಆಮೇಲೆ ಅಡುಗೆಗೆ ಬಡ್ತಿ ಪಡೆದ ಮನುಷ್ಯ. ಊರು ಅಲ್ಲಿಂದ ಎಂಟೇ ಕಿಲೋಮೀಟರ್.

"ಸಾ, ನಮ್ಮಪ್ಪುಂಗೆ ಬಾಳ ಸೀರಿಯಸ್ ಅಂತೆ. ದೂರ್ದಲ್ ನಿಂತ್ಕಂಡು ಒಂದ್ ಗಳಿಗೆ ಮಕ ನೋಡ್ಕಂಡ್ ಬಂದ್ಬುಡ್ತೀನಿ ಸಾ."

ನಾನು ಹೇಳಿದ್ದು ನೆನಪಿದೆ. "ಆರ್ಡರ್ ಇಲ್ಲ. ಹದಿನಾಲ್ಕು ದಿನ ಅಂದ್ರೆ ಹದಿನಾಲ್ಕು ದಿನ. ರೂಮಿಗೆ ಹೋಗಿ."

ಅವರು ಜಗಳ ಆಡಲಿಲ್ಲ. ಇನ್ನೊಂದು ಸಲ ಕೇಳಲೂ ಇಲ್ಲ. ಇಪ್ಪತ್ತೈದು ವರ್ಷ ಯಜಮಾನರ ಮಾತು ಕೇಳಿದ ಮನುಷ್ಯ, ತಿರುಗಿ ರೂಮಿಗೆ ಹೋದರು. ನಾನು ಸಂಜೆ ಎಣಿಕೆ ಬರೆದೆ. ಎಲ್ಲರೂ ಹಾಜರ್.

ಬೆಳಗಿನ ಜಾವ ನಾಲ್ಕಕ್ಕೆ ಅವರ ತಂದೆ ತೀರಿಕೊಂಡರು.

ಎಂಟು ಗಂಟೆಗೆ ನಮ್ಮ ಶಿರಸ್ತೇದಾರ್ ಮೇಡಂ ಬಂದರು. ನಾನು ವಿಷಯ ಹೇಳಿದೆ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ನೀವು ಮೇಲಕ್ಕೆ ಕೇಳಿದ್ರಾ?" ಇಲ್ಲ ಅಂದೆ. ಅವರು ಬೈಯಲಿಲ್ಲ. ಅಲ್ಲೇ ಕುರ್ಚಿ ಎಳ್ಕೊಂಡು ಒಂದು ಪುಟ ಬರೆದರು. ವ್ಯಕ್ತಿ ಯಾರು, ಲಕ್ಷಣ ಏನೂ ಇಲ್ಲ, ಊರು ಎಷ್ಟು ದೂರ, ಯಾವ ಗಾಡಿ, ಯಾವ ರಕ್ಷಣಾ ಉಡುಪು, ಎಷ್ಟು ಹೊತ್ತು, ಜೊತೆಗೆ ಯಾರು, ಜವಾಬ್ದಾರಿ ಯಾರದು. ಕೆಳಗೆ ತಮ್ಮ ಸಹಿ. ಫೋಟೊ ತೆಗೆದು ವಾಟ್ಸಾಪ್ ಮಾಡಿ, ಫೋನ್ ಮಾಡಿದರು. ಒಂದು ಗಂಟೆಯೊಳಗೆ ಅನುಮತಿ ಬಂತು. ಆಂಬುಲೆನ್ಸಿನಲ್ಲಿ ಕರ್ಕೊಂಡು ಹೋದೆವು. ಮನೆ ಮುಂದಿನ ರಸ್ತೆಯಲ್ಲಿ ಗಾಡಿ ನಿಂತಿತು. ಇಪ್ಪತ್ತಡಿ ದೂರದಲ್ಲಿ ನಿಂತು, ಪ್ಲಾಸ್ಟಿಕ್ ಉಡುಪಿನೊಳಗಿಂದ ಕೈ ಮುಗಿದರು. ಇಪ್ಪತ್ತು ನಿಮಿಷ.

ಆ ಒಂದು ಪುಟವನ್ನ ಹಿಂದಿನ ಸಂಜೆ ನಾನು ಬರೆದಿದ್ದರೆ ಅಪ್ಪನಿಗೆ ಉಸಿರಿರುವಾಗಲೇ ನೋಡ್ತಿದ್ದರು. ಮೇಡಂ ಇದನ್ನ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗೂ ಇರಲಿಲ್ಲ.

ಅರ್ಧ ಪಾಠ

ಎಷ್ಟೋ ದಿನ ನಾನು ಅದನ್ನ ಸೈನ್ಯದ ಮೇಲೆ ಹಾಕಿದೆ. ಆರ್ಡರ್ ಅಂದ್ರೆ ಆರ್ಡರ್ ಅಂತ ಹದಿನೇಳು ವರ್ಷ ಕಲಿಸಿದರಲ್ಲ, ನಾನೇನು ಮಾಡ್ಲಿ ಅಂತ. ಆಮೇಲೆ ಒಂದು ರಾತ್ರಿ ನಿದ್ದೆ ಬರದೆ ಬಿದ್ದುಕೊಂಡಿದ್ದಾಗ ನಮ್ಮ ಸುಬೇದಾರ್ ಸಾಬ್ ನೆನಪಾದರು.

ಈಶಾನ್ಯದ ಒಂದು ಬೆಟ್ಟದಲ್ಲಿ ನಮ್ಮ ಕ್ಯಾಂಪ್. ಅಮ್ಮನಿಗೆ ಮೈಸೂರಿನಲ್ಲಿ ಆಪರೇಷನ್ ಅಂತ ಸುದ್ದಿ. ಕೆಲಸ ಅರ್ಧದಲ್ಲಿತ್ತು, ರಜೆ ಬಂದ್. ನಾನು ಸುಮ್ಮನಿದ್ದೆ. ಯಾರೋ ಸಾಬ್‌ಗೆ ಹೇಳಿದರು. ಆ ಮನುಷ್ಯ ನನ್ನನ್ನ ಕರೆದು "ಮೊದಲೇ ಯಾಕೆ ಹೇಳ್ಲಿಲ್ಲ" ಅಂತ ಹಿಂದಿಯಲ್ಲಿ ಒಂದು ನಿಮಿಷ ಬೈದು, ನನ್ನ ಅರ್ಜಿ ತಾನೇ ಬರೆಸಿ, ಮಳೆಯಲ್ಲಿ ನೆನ್ಕೊಂಡು ಸಿಒ ಸಾಹೇಬರ ಟೆಂಟಿಗೆ ನಡೆದುಕೊಂಡು ಹೋದರು. ಮಾರನೇ ದಿನ ಬೆಳಗ್ಗೆ ರೈಲು ಸ್ಟೇಷನ್‌ಗೆ ಹೋಗೋ ಗಾಡಿಯಲ್ಲಿ ನಾನಿದ್ದೆ.

ಅಂದರೆ ಸೈನ್ಯ ನನಗೆ ಎರಡೂ ಕಲಿಸಿತ್ತು. ಮೇಲಿಂದ ಬಂದ ಆರ್ಡರನ್ನ ಕೆಳಗೆ ಜಾರಿ ಮಾಡೋದು ಒಂದು. ಕೆಳಗಿನವನ ಕಷ್ಟವನ್ನ ಮೇಲಕ್ಕೆ ಹೊತ್ತುಕೊಂಡು ಹೋಗೋದು ಇನ್ನೊಂದು. ನಿವೃತ್ತಿ ಆಗಿ ಬರುವಾಗ ಟ್ರಂಕಿನಲ್ಲಿ ನಾನು ಮೊದಲನೇದನ್ನ ಮಾತ್ರ ತಂದಿದ್ದೆ. ಯಾಕೆಂದರೆ ಊರು ಹೊಗಳೋದು ಅದನ್ನೇ. 'ಶಿಸ್ತು' ಅಂತಾರೆ. ಎರಡನೇದಕ್ಕೆ ಊರಲ್ಲಿ ಹೆಸರೇ ಇಲ್ಲ.

ಸರ್ಕಾರಿ ಕೆಲಸಕ್ಕೆ ಮುಖ್ಯವಾಗಿ ಬೇಕಾದದ್ದು ಆ ಎರಡನೇದು. ನನ್ನ ಟೇಬಲ್ ಮುಂದೆ ನಿಲ್ಲೋ ಅಜ್ಜಿ ನನ್ನ ಜವಾನ ಅಲ್ಲ. ಅವಳಿಗೆ ನಾನು ಆರ್ಡರ್ ಕೊಡೋ ಹಾಗಿಲ್ಲ, ಅವಳು ಸಾಲಾಗಿ ನಿಲ್ಲಲೂ ಬೇಕಾಗಿಲ್ಲ. ಅವಳ ಪಿಂಚಣಿ ಯಾಕೆ ನಿಂತಿದೆ ಅಂತ ಹುಡುಕಿ, ಬರೆದು, ಮೇಲಕ್ಕೆ ಕಳಿಸಿ, ಬೆನ್ನು ಹತ್ತೋದು ನನ್ನ ಕೆಲಸ. ಕಡತ ಅಂದರೆ ಅಷ್ಟೇ, ಗೇಟು ದಾಟೋಕಾಗದವರ ಮಾತನ್ನ ಗೇಟಿನಾಚೆಗೆ ದಾಟಿಸೋ ಕಾಗದ.

ಆ ವರ್ಷದ ಕೊನೆಗೆ ಆ ಮನುಷ್ಯ ನನ್ನ ಕಚೇರಿಗೇ ಬಂದರು. ಅಪ್ಪನ ಹೆಸರಲ್ಲಿದ್ದ ಒಂದೂವರೆ ಎಕರೆ, ಪೌತಿ ಖಾತೆ ಆಗಬೇಕಿತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲಾ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ನಾನೇ ಜೊತೆಯಲ್ಲಿ ನಾಡಕಚೇರಿಗೆ ಹೋಗಿ ಅರ್ಜಿ ಹಾಕಿಸಿದೆ. ಹೊರಡುವಾಗ "ಅವತ್ತು ನಾನು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪಾಯ್ತು" ಅಂದೆ. ಅವರು ಸ್ವಲ್ಪ ಹೊತ್ತು ಕವರಿನ ಬಾಯಿ ಮಡಚುತ್ತಾ ನಿಂತರು.

"ಓಗ್ಲಿ ಬುಡಿ ಸಾ. ಅಲ್ಲಿ ಊಟ ಮಾತ್ರ ವೊತ್ಗೆ ಸರ್ಯಾಗ್ ಕೊಟ್ರಿ," ಅಂದರು.

ಅದು ಕ್ಷಮೆಯ ಮಾತೋ, ಏನೋ. ಇವತ್ತಿಗೂ ಗೊತ್ತಾಗಿಲ್ಲ.

ಅಳಿಯನಿಗೆ ಕಳಿಸಿದ ಉತ್ತರ

ಕೊನೆಗೆ ಇಷ್ಟು ಬರೆದು ಕಳಿಸಿದೆ.

"ಈಸಿ ಅಲ್ಲ ಕಣೋ. ಆದ್ರೆ ನಿನ್ ಕೈಲಿ ಆಗುತ್ತೆ. ಮೂರು ಕೆಲ್ಸ ಈಗ್ಲೇ ಶುರು ಮಾಡು. ಒಂದು, ದಿನಾ ಒಂದು ಪುಟ ಕನ್ನಡ ಬರಿ. ಓದೋದಲ್ಲ, ಬರೆಯೋದು. ರಾಜ್ಯದ ಪರೀಕ್ಷೆಗಳಲ್ಲಿ ಕನ್ನಡ ತಪ್ಪಿಸ್ಕೊಳಕ್ಕಾಗಲ್ಲ, ಆಮೇಲೆ ಟೇಬಲ್ ಮೇಲಂತೂ ಆಗೋದೇ ಇಲ್ಲ. ಎರಡು, ಮುಕ್ತ ವಿಶ್ವವಿದ್ಯಾಲಯದಲ್ಲಿ ಡಿಗ್ರಿಗೆ ಸೇರ್ಕೊ. ಮೀಸಲಾತಿ ನಂಬ್ಕೊಂಡು ಕೂರ್ಬೇಡ, ನಿನಗೆ ಇಲ್ದೇನೂ ಇರ್ಬಹುದು. ಮೂರು, ನಿಮ್ ಯೂನಿಟ್ಟಲ್ಲಿ ಯಾವ ಸಾಬ್ ಹತ್ರ ಹುಡುಗ್ರು ಕಷ್ಟ ಹೇಳ್ಕೊಳಕ್ಕೆ ಹೋಗ್ತಾರೋ ಅವರನ್ನ ಚೆನ್ನಾಗ್ ನೋಡ್ಕೊ. ಏನ್ ಕೇಳ್ತಾರೆ, ಯಾರತ್ರ ಹೋಗ್ತಾರೆ, ಏನ್ ಬರೀತಾರೆ. ಅದನ್ನ ಟ್ರಂಕಲ್ಲಿ ಮೊದ್ಲು ಇಟ್ಕೊ. ಪರೇಡ್ ತಾನಾಗೇ ಬರುತ್ತೆ."

ನೀಲಿ ಟಿಕ್ ಬಿತ್ತು. ಉತ್ತರ ಬರಲಿಲ್ಲ. ಉಪದೇಶ ಜಾಸ್ತಿ ಆಯ್ತೇನೋ ಅಂದುಕೊಂಡೆ.

ಮೂರು ದಿನ ಬಿಟ್ಟು ಒಂದು ಫೋಟೊ ಬಂತು. ರೂಲು ಹಾಕಿದ ಹಾಳೆ. ಮೇಲೆ 'ಇವರಿಗೆ', ಕೆಳಗೆ 'ಇಂದ'. ಜೊತೆಯ ಒಬ್ಬ ಹುಡುಗನ ತಂಗಿ ಮದುವೆಗೆ ರಜೆ ಕೇಳೋ ಅರ್ಜಿಯನ್ನ ಅಭ್ಯಾಸಕ್ಕೆ ಅಂತ ಕನ್ನಡದಲ್ಲಿ ಬರೆದಿದ್ದ. 'ವಿಷಯ'ದಲ್ಲಿ ಷ ಬದಲು ಶ. ಒತ್ತಕ್ಷರ ಎರಡು ಕಡೆ ತಪ್ಪು. ಆದರೆ ಮದುವೆ ಯಾವತ್ತು, ಮನೆಯಲ್ಲಿ ಗಂಡಸರು ಯಾರೂ ಇಲ್ಲ, ಹೋಗಿ ಬರೋಕೆ ಎಷ್ಟು ದಿನ ಬೇಕು, ಆ ದಿನಗಳಲ್ಲಿ ಅವನ ಡ್ಯೂಟಿ ಯಾರು ಮಾಡ್ತಾರೆ, ಎಲ್ಲಾ ಇತ್ತು. ಕೊನೆ ಸಾಲಲ್ಲಿ, ಅವನ ಡ್ಯೂಟಿ ನಾನು ಮಾಡ್ತೀನಿ ಅಂತ ಬರೆದು ತನ್ನ ಹೆಸರು ಹಾಕಿದ್ದ.

ಕಾಗುಣಿತ ತಿದ್ದಿ ವಾಪಸ್ ಕಳಿಸಿದೆ. ಉಳಿದದ್ದನ್ನ ತಿದ್ದೋ ಹಾಗಿರಲಿಲ್ಲ.